ಮೇಲಿನ ಮನೆಯ ಅಕ್ಕಿ ಡಬ್ಬಿ

ಬಾಡಿಗೆಗೆ ಕೊಡುವಾಗ ಅಮ್ಮ ಕೇಳಿದ್ದು ಎರಡೇ ಪ್ರಶ್ನೆ. ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬರ್ತೀಯ, ಯಾವ ಜನ ನೀವು. ಮೊದಲನೆಯದಕ್ಕೆ ಹುಡುಗಿ ಬೇಗ ಉತ್ತರ ಕೊಟ್ಟಳು. ಆಸ್ಪತ್ರೆಯಲ್ಲಿ ನರ್ಸ್, ಶಿಫ್ಟ್ ಇದ್ದ ಹಾಗೆ ಬರೋದು ಹೋಗೋದು. ಎರಡನೆಯದಕ್ಕೆ ‘ಮಿಜೋ’ ಅಂದಳು. ಅಮ್ಮನಿಗೆ ಗೊತ್ತಾಗಲಿಲ್ಲ. ‘ಕ್ರಿಶ್ಚಿಯನ್ ಅಮ್ಮಾ’ ಅಂತ ನಾನು ಬಾಯಿ ಹಾಕಿದೆ. ಹುಡುಗಿ ನನ್ನ ಕಡೆ ತಿರುಗಿ, ಅರ್ಧ ಸರಿ ಉತ್ತರ ಹೇಳಿದ ಹುಡುಗನನ್ನು ಟೀಚರ್ ತಿದ್ದುವ ಹಾಗೆ, ‘ಪ್ರೆಸ್‌ಬಿಟೇರಿಯನ್’ ಅಂದಳು. ಅಮ್ಮ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ನನಗೂ ಅಷ್ಟೇ ಗೊತ್ತಿದ್ದದ್ದು.

ಮಂಡ್ಯ ಕಡೆಯ ಹಳ್ಳಿಯಿಂದ ಓದೋಕೆ ಅಂತ ಮೈಸೂರಿಗೆ ಬಂದು ಇಲ್ಲೇ ನಿಂತವನು ನಾನು. ನನ್ನ ಲೆಕ್ಕದಲ್ಲಿ ಕ್ರಿಶ್ಚಿಯನ್ನರು ಎರಡೇ ಥರ. ಫಿಲೋಮಿನಾ ಚರ್ಚ್‌ನವರು, ಮಿಷನ್ ಆಸ್ಪತ್ರೆ ಕಡೆಯವರು. ಮೊದಲನೆಯವರ ಹತ್ತಿರ ಮೇರಿಯಮ್ಮ, ಮೇಣದಬತ್ತಿ, ಹರಕೆ, ಹೂವು ಎಲ್ಲ ಇರುತ್ತದೆ. ಹಾಗಾಗಿ ನಮ್ಮಂಥವರಿಗೆ ಅವರು ಬೇಗ ಅರ್ಥವಾಗುತ್ತಾರೆ. ಎರಡನೆಯವರು ವೆಸ್ಲಿಯನ್ ಮಿಷನ್ ಕಾಲದವರು, ಹಾರ್ಡ್ವಿಕ್ ಶಾಲೆ, ಆಸ್ಪತ್ರೆ, ಪ್ರೆಸ್ಸು ಅಂತ ಊರಿಗೆ ಏನೇನೋ ಕಟ್ಟಿಕೊಟ್ಟವರು. ಈ ಹುಡುಗಿ ಎರಡರಲ್ಲೂ ಇರಲಿಲ್ಲ.

ಒಂದು ವಾರ ಆದಮೇಲೆ ನಲ್ಲಿ ರಿಪೇರಿ ನೆಪದಲ್ಲಿ ಅಮ್ಮ ಮೇಲಿನ ಮನೆಗೆ ಹೋಗಿ ಬಂದಳು. ಕೆಳಗೆ ಬಂದವಳೇ ದನಿ ತಗ್ಗಿಸಿ, ‘ಒಂದು ಫೋಟೋ ಇಲ್ಲ ಕಣೋ. ಶಿಲುಬೇನೂ ಇಲ್ಲ. ದೇವರ ಗೂಡಲ್ಲಿ ಅಕ್ಕಿ ಡಬ್ಬಿ ಇಟ್ಟವಳೆ’ ಅಂದಳು. ಆ ಗೂಡು ನಾವು ಮನೆ ಕಟ್ಟಿಸುವಾಗ ವಾಸ್ತು ನೋಡಿ, ಈಶಾನ್ಯಕ್ಕೆ, ಗ್ರಾನೈಟ್ ಹಾಕಿಸಿ ಮಾಡಿಸಿದ್ದು. ಆ ಅಕ್ಕಿ ಡಬ್ಬಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ಬರಹ ಅದರ ಬಗ್ಗೆಯೇ, ಆದರೆ ಡಬ್ಬಿಗೆ ಬರೋಕೆ ಸ್ವಲ್ಪ ಸುತ್ತಬೇಕು.

ಹೆಸರಲ್ಲೇ ಹಿರಿಯರು

ನಾನು ಮೊದಲು ಹುಡುಕಿದ್ದು ಹೆಸರಿನ ಅರ್ಥ. ಗ್ರೀಕ್‌ನಲ್ಲಿ ‘ಪ್ರೆಸ್‌ಬಿಟೆರೋಸ್’ ಅಂದರೆ ಹಿರಿಯ, ವಯಸ್ಸಾದವನು. ಕನ್ನಡ ಬೈಬಲ್‌ನಲ್ಲಿ ‘ಸಭೆಯ ಹಿರಿಯರು’ ಅಂತ ಬರುತ್ತದಲ್ಲ, ಅದೇ. ಅಂದರೆ ಪ್ರೆಸ್‌ಬಿಟೇರಿಯನ್ ಅಂದರೆ ಹಿರಿಯರ ಸಭೆ ನಡೆಸುವ ಚರ್ಚ್‌ನವರು. ನನಗೆ ಇದು ವಿಚಿತ್ರ ಅನ್ನಿಸಿತು. ಒಂದು ಪಂಥಕ್ಕೆ ಗುರುವಿನ ಹೆಸರಿರಬಹುದು, ದೇವರ ಹೆಸರಿರಬಹುದು, ಒಂದು ಆಚರಣೆಯ ಹೆಸರಿರಬಹುದು. ಇವರು ಹೋಗಿ ಹೋಗಿ ಕಮಿಟಿಯ ಹೆಸರು ಇಟ್ಟುಕೊಂಡಿದ್ದಾರೆ!

ಸುಮ್ನೆ ಇಟ್ಟಿದ್ದಲ್ಲ ಅದು. ಪ್ರತಿ ಊರಿನ ಚರ್ಚ್‌ನಲ್ಲೂ ಜನರೇ ಆರಿಸಿದ ಹಿರಿಯರ ಒಂದು ಸಭೆ. ಪಾಸ್ಟರ್ ಅದರೊಳಗೆ ಒಬ್ಬರು, ಅದರ ಮೇಲಿನವರಲ್ಲ. ಅಕ್ಕಪಕ್ಕದ ಚರ್ಚ್‌ಗಳ ಪಾಸ್ಟರುಗಳೂ ಹಿರಿಯರೂ ಸೇರಿದರೆ ಪ್ರೆಸ್‌ಬಿಟರಿ. ಅದರ ಮೇಲೆ ಸಿನಡ್, ಇನ್ನೂ ಮೇಲೆ ಮಹಾಸಭೆ. ಒಂಥರಾ ಗ್ರಾಮ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಇದ್ದ ಹಾಗೆ. ಎಲ್ಲೂ ಬಿಷಪ್ ಇಲ್ಲ. ಈ ಪಂಥ ಬೇರುಬಿಟ್ಟ ಸ್ಕಾಟ್ಲೆಂಡಿನ ಚರ್ಚ್‌ನಲ್ಲಿ ಮಹಾಸಭೆಯ ಅಧ್ಯಕ್ಷರಿಗೆ ಮಾಡರೇಟರ್ ಅಂತಾರೆ, ಒಂದು ವರ್ಷ ಇರುತ್ತಾರೆ, ಆಮೇಲೆ ಹಳೇ ಕೆಲಸಕ್ಕೆ ವಾಪಸ್.

ಮಿಜೋ ಭಾಷೆಯಲ್ಲಿ ಈ ಹಿರಿಯನಿಗೆ ‘ಉಪಾ’ ಅನ್ನುತ್ತಾರೆ. ನಮ್ಮಲ್ಲಿ ಮೇಷ್ಟ್ರು, ಪಟೇಲ್ರು ಅಂತ ಹೆಸರಿನ ಜೊತೆ ಸೇರಿಕೊಳ್ಳುವ ಹಾಗೆ ಅಲ್ಲಿ ‘ಉಪಾ’ ಹೆಸರಿನ ಮುಂದೆ ಸೇರಿಕೊಳ್ಳುತ್ತದೆ. ನಮ್ಮ ಬಾಡಿಗೆ ಹುಡುಗಿಯ ಅಪ್ಪನೂ ಮಿಜೋರಾಂ ರಾಜಧಾನಿ ಐಜ್ವಾಲ್‌ನಲ್ಲಿ ಒಬ್ಬ ಉಪಾ. ಅದನ್ನು ಹೇಳುವಾಗ ಅವಳ ಮುಖ ನೋಡಿದರೆ ಅಪ್ಪ ಎಂಎಲ್‌ಎ ಇರಬೇಕು ಅನ್ನಿಸುತ್ತಿತ್ತು.

ನಮ್ಮ ಕಡೆ ಈ ಹೆಸರು ಯಾಕೆ ಕೇಳಿಬರೋದಿಲ್ಲ ಅನ್ನೋದಕ್ಕೆ ಕಾರಣ ಇದೆ. ದಕ್ಷಿಣದ ಪ್ರೆಸ್‌ಬಿಟೇರಿಯನ್ನರು 1908ರಲ್ಲಿ ಕಾಂಗ್ರಿಗೇಷನಲ್ ಪಂಗಡದವರ ಜೊತೆ ಸೇರಿಕೊಂಡರು. ಆಮೇಲೆ 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಅವರೂ ಆಂಗ್ಲಿಕನ್ನರೂ ಮೆಥಡಿಸ್ಟರೂ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆಯಿತು. ಬಿಷಪ್ಪನೇ ಬೇಡ ಅಂತ ಜಗಳ ಮಾಡಿದವರ ಮೊಮ್ಮಕ್ಕಳು ಬಿಷಪ್ ಇರುವ ಚರ್ಚ್‌ಗೆ ಒಪ್ಪಿಕೊಂಡರು. ಆದರೆ ಪಾದ್ರಿಗಳನ್ನು ಸಿಎಸ್‌ಐನಲ್ಲಿ ಈಗಲೂ ‘ಪ್ರೆಸ್‌ಬಿಟರ್’ ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಸೇಂಟ್ ಆಂಡ್ರ್ಯೂಸ್ ಕರ್ಕ್ ಅಂತ ಒಂದು ಕೆಂಪು ಚರ್ಚ್ ಇದೆಯಲ್ಲ, 1860ರ ದಶಕದ್ದು, ಅದು ಸ್ಕಾಟ್ಲೆಂಡಿನವರು ಕಟ್ಟಿಕೊಂಡದ್ದು. ಕರ್ಕ್ ಅಂದರೆ ಅವರ ಮಾತಿನಲ್ಲಿ ಚರ್ಚ್ ಅಷ್ಟೇ. ನಾನು ಆ ರಸ್ತೆಯಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ, ಒಂದು ಸಲವೂ ಆ ಹೆಸರಿನ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಗೊಂಬೆ ಮನೆಗೆ ಬಂದವಳು

ಆ ವರ್ಷದ ದಸರಾಕ್ಕೆ ಅಮ್ಮ ಅವಳನ್ನು ಗೊಂಬೆ ನೋಡೋಕೆ ಕರೆದಳು. (ನಮ್ಮ ಹಳ್ಳಿಯಲ್ಲಿ ಗೊಂಬೆ ಕೂರಿಸುವ ಪದ್ಧತಿಯೇ ಇರಲಿಲ್ಲ. ಮೈಸೂರಿಗೆ ಬಂದಮೇಲೆ ಪಕ್ಕದ ಮನೆಯವರನ್ನು ನೋಡಿ ಅಮ್ಮ ಕಲಿತದ್ದು, ಈಗ ಅವರಿಗಿಂತ ಜಾಸ್ತಿ ಮೆಟ್ಟಿಲು ಕಟ್ಟುತ್ತಾಳೆ.) ಮೇಲೆ ಪಟ್ಟದ ಗೊಂಬೆ ರಾಜ ರಾಣಿ, ಕೆಳಗೆ ದಶಾವತಾರ, ಅದರ ಕೆಳಗೆ ಚನ್ನಪಟ್ಟಣದ ಬ್ಯಾಂಡ್ ಸೆಟ್ಟು, ದಿನಸಿ ಅಂಗಡಿ ಇಟ್ಟುಕೊಂಡ ಶೆಟ್ಟರು, ಕೊನೇ ಮೆಟ್ಟಿಲಲ್ಲಿ ನನ್ನ ಮಗಳ ಪ್ಲಾಸ್ಟಿಕ್ ಜಿರಾಫೆ. ಹುಡುಗಿ ಚಕ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಹೊಸ ಕನ್ನಡದಲ್ಲಿ, ‘ಆಂಟಿ, ಇದರಲ್ಲಿ ದೇವರು ಯಾವುದು?’ ಅಂದಳು. ವ್ಯಂಗ್ಯ ಇರಲಿಲ್ಲ, ನಿಜವಾಗಿ ಕೇಳಿದ್ದು. ಅಮ್ಮ ಒಂದು ಕ್ಷಣ ಯೋಚಿಸಿ, ‘ಅದೇನೋ, ಆರತಿ ಮಾತ್ರ ಎಲ್ಲಕ್ಕೂ ಎತ್ತುತೀನಿ’ ಅಂದಳು. ಜಿರಾಫೆಗೂ ಸೇರಿ.

ಜಿನೀವಾದಲ್ಲಿ ಕೂತು ಈ ಪಂಥದ ತಳಪಾಯ ಹಾಕಿದ ಜಾನ್ ಕ್ಯಾಲ್ವಿನ್, ಮನುಷ್ಯನ ಮನಸ್ಸು ಬಿಡುವಿಲ್ಲದೆ ವಿಗ್ರಹ ತಯಾರಿಸುವ ಕಾರ್ಖಾನೆ ಅಂತ ಬರೆದಿದ್ದ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ದಸರಾ ತಿಂಗಳಲ್ಲಿ ಮೈಸೂರು ಪೂರ್ತಿ ಆ ಕಾರ್ಖಾನೆಯ ಬ್ರಾಂಚು ಅನ್ನೋ ಹಾಗಿತ್ತು ಮಾತು. ಆದರೆ ಅವನು ಬೈದಿದ್ದು ಕಲ್ಲು ಮಣ್ಣನ್ನು ಮಾತ್ರ ಅಲ್ಲ. ಮನಸ್ಸು ದೇವರನ್ನು ತನ್ನ ಅಳತೆಗೆ ಕತ್ತರಿಸಿ ಒಂದು ಚಿಕ್ಕ ದೇವರನ್ನು ಮಾಡಿಕೊಳ್ಳುತ್ತದೆ, ಕಲ್ಲಿಲ್ಲದೆಯೂ ಮಾಡಿಕೊಳ್ಳುತ್ತದೆ, ಅನ್ನೋದು ಅವನ ದೂರು. ತನ್ನನ್ನೂ ಹೊರಗಿಟ್ಟಿರಲಿಲ್ಲ. 1564ರಲ್ಲಿ ಸತ್ತಾಗ ಗೋರಿಗೆ ಗುರುತಿನ ಕಲ್ಲು ಬೇಡ ಅಂತ ಹೇಳಿಹೋದ. ಸ್ಕಾಟ್ಲೆಂಡಿಗೆ ಈ ಮತವನ್ನು ಒಯ್ದ ಜಾನ್ ನಾಕ್ಸ್‌ನ ಗೋರಿಯಂತೂ ಎಡಿನ್‌ಬರ್ಗ್‌ನಲ್ಲಿ ಸೇಂಟ್ ಜೈಲ್ಸ್ ಚರ್ಚ್ ಪಕ್ಕ ಕಾರು ನಿಲ್ಲಿಸುವ ಜಾಗದ ಅಡಿ ಇದೆ ಅನ್ನುತ್ತಾರೆ. ನಮ್ಮಲ್ಲಾಗಿದ್ದರೆ ಗದ್ದುಗೆ, ಗೋಪುರ, ವರ್ಷಕ್ಕೊಂದು ಜಾತ್ರೆ, ಪಾರ್ಕಿಂಗ್‌ಗೆ ಬೇರೆ ಜಾಗ.

ಹಾಗಾಗಿ ಅವರ ಹಳೇ ಚರ್ಚ್‌ಗಳು ಬೋಳು ಬೋಳು. ಸುಣ್ಣದ ಗೋಡೆ, ಬೆಂಚು, ಮಧ್ಯದಲ್ಲಿ ಎತ್ತರಕ್ಕೆ ಉಪದೇಶದ ಪೀಠ. ಕ್ಯಾಥೊಲಿಕರ ಏಳು ಸಂಸ್ಕಾರಗಳಲ್ಲಿ ಅವರು ಉಳಿಸಿಕೊಂಡದ್ದು ಎರಡು, ದೀಕ್ಷಾಸ್ನಾನ ಮತ್ತು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುವಿನ ಭೋಜನ. ಬೈಬಲ್ ಹೇಳದೇ ಇರುವ ಯಾವುದನ್ನೂ ಪೂಜೆಗೆ ಸೇರಿಸಬಾರದು ಅಂತ ಹಟ. ಈ ಹಟದಲ್ಲಿ ಕ್ರಿಸ್‌ಮಸ್ಸನ್ನೂ ಬಿಟ್ಟರು. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ಸರ್ಕಾರಿ ರಜೆ ಆದದ್ದು 1958ರಲ್ಲಿ! ಇದನ್ನು ಹುಡುಗಿಗೆ ಹೇಳಿದರೆ ಅವಳು ನಂಬಲೇ ಇಲ್ಲ. ಐಜ್ವಾಲ್‌ನಲ್ಲಿ ಡಿಸೆಂಬರ್ ಅಂದರೆ ನಕ್ಷತ್ರ, ಸಾಮೂಹಿಕ ಊಟ, ರಾತ್ರಿಯೆಲ್ಲ ಹಾಡು.

ಹಾಡು ನಮ್ಮ ಮನೆಗೂ ಬಂತು. ಭಾನುವಾರ ಸಂಜೆ ಅವಳ ನಾಲ್ಕೈದು ಗೆಳತಿಯರು ಮೇಲೆ ಸೇರುತ್ತಿದ್ದರು. ಒಬ್ಬಳು ಒಂದು ಸಾಲನ್ನು ಮುಂಚೆ ಬೇಗ ಹೇಳಿಕೊಡುತ್ತಾಳೆ, ಉಳಿದವರು ಅದನ್ನೇ ಎಳೆದು ಎಳೆದು ಹಾಡುತ್ತಾರೆ, ಹಿನ್ನೆಲೆಗೆ ಯಾವುದೋ ಪ್ಲಾಸ್ಟಿಕ್ ಡಬ್ಬದ ಮೇಲೆ ತಾಳ. ಊರಲ್ಲಾದರೆ ದೊಡ್ಡ ಡೋಲು ಇರುತ್ತದಂತೆ. ಮಿಷನರಿಗಳ ಕಾಲದಲ್ಲಿ ಆ ಡೋಲು ಹಳೇ ಹಬ್ಬಗಳ, ಕುಡಿತದ ನೆನಪು ತರುತ್ತದೆ ಅಂತ ಚರ್ಚ್‌ನಿಂದ ಹೊರಗಿತ್ತು, ಆಮೇಲೆ ಜನರೇ ಒಳಗೆ ತಂದರು. ಕೆಳಗೆ ಕೂತು ಕೇಳುತ್ತಿದ್ದ ಅಮ್ಮ, ‘ನಮ್ಮೂರ ರಾಮಮಂದಿರದ ಭಜನೆ ಇದ್ದಂಗೈತಲ್ಲೋ’ ಅಂದಳು. ತಪ್ಪಿಲ್ಲ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಹಳೇ ಚರ್ಚ್‌ಗಳಲ್ಲೂ ಹೀಗೇ, ಒಬ್ಬ ಕೀರ್ತನೆಯ ಸಾಲು ಎತ್ತಿಕೊಡುತ್ತಾನೆ, ಜನ ಅಲೆ ಎದ್ದ ಹಾಗೆ ಹಿಂದೆ ಹಾಡುತ್ತಾರೆ. ವಾದ್ಯ ಇಲ್ಲ. ಆ ದ್ವೀಪದ ಊರೊಂದರಿಂದಲೇ ನಮ್ಮ ಕೈಫಿಯತ್ತುಗಳನ್ನು, ಅಂದರೆ ಊರೂರಿನ ಹಳೇ ಚರಿತ್ರೆಯ ಬರಹಗಳನ್ನು, ಕಲೆಹಾಕಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಬಂದದ್ದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದವನು, ಆಮೇಲೆ ಮೈಸೂರು ಸೀಮೆಯನ್ನು ಅಳೆದವನು. ಚಿಕ್ಕಂದಿನಲ್ಲಿ ಆ ಹಾಡು ಕೇಳಿರಬಹುದಾದವನ ಕಿವಿಗೆ ನಮ್ಮ ಭಜನೆ ಹೇಗೆ ಕೇಳಿಸಿತೋ. ಅದೇ ದ್ವೀಪದಲ್ಲಿ ಭಾನುವಾರದ ಕಟ್ಟುನಿಟ್ಟು ಎಷ್ಟಿತ್ತು ಅಂದರೆ, ದೊಡ್ಡ ಊರಾದ ಸ್ಟಾರ್ನೊವೆಯಿಂದ ಭಾನುವಾರ ದೋಣಿ ಬಿಡೋಕೆ ಶುರುಮಾಡಿದ್ದು 2009ರಲ್ಲಿ, ಅದೂ ದೊಡ್ಡ ಜಗಳ ಆದಮೇಲೆ.

ರಾಜನ ತೋಳು ಹಿಡಿದವನು

ಮೈಸೂರಿನಲ್ಲಿ ಕೂತು ಈ ಕಥೆ ಓದಿದರೆ ಬೇರೆಯೇ ಅನ್ನಿಸುತ್ತದೆ. 1596ರಲ್ಲಿ ಆಂಡ್ರ್ಯೂ ಮೆಲ್ವಿಲ್ ಅನ್ನೋ ಪ್ರೆಸ್‌ಬಿಟೇರಿಯನ್ ಪಂಡಿತ ಸ್ಕಾಟ್ಲೆಂಡಿನ ಆರನೇ ಜೇಮ್ಸ್ ರಾಜನ ಅರಮನೆಗೆ ಹೋದ. ಮಾತಿಗೆ ಮಾತು ಬೆಳೆದು, ರಾಜನ ತೋಳು ಹಿಡಿದು, ನೀನು ದೇವರ ಬಡಪಾಯಿ ಆಳು ಅಂದುಬಿಟ್ಟ. ಈ ದೇಶದಲ್ಲಿ ಇಬ್ಬರು ರಾಜರು, ಎರಡು ರಾಜ್ಯ. ಇನ್ನೊಂದು ಕ್ರಿಸ್ತನದ್ದು. ಅಲ್ಲಿ ನೀನು ರಾಜನೂ ಅಲ್ಲ, ಯಜಮಾನನೂ ಅಲ್ಲ, ಬರೀ ಒಬ್ಬ ಸದಸ್ಯ. ರಾಜ ಮರೆಯಲಿಲ್ಲ. ಎಂಟು ವರ್ಷದ ಮೇಲೆ ಇಂಗ್ಲೆಂಡಿನ ಸಿಂಹಾಸನದಲ್ಲೂ ಕೂತಿದ್ದಾಗ ಒಂದು ಸಭೆಯಲ್ಲಿ ಅವನು ಹೇಳಿದ ಮಾತು ಪ್ರಸಿದ್ಧ: ಬಿಷಪ್ ಇಲ್ಲ ಅಂದರೆ ರಾಜನೂ ಇಲ್ಲ. ಹಿರಿಯರ ಸಭೆ ಮಾಡಿಕೊಂಡು ಚರ್ಚ್ ನಡೆಸಲು ಕಲಿತ ಜನ ನಾಳೆ ದೇಶವನ್ನೂ ಹಾಗೇ ನಡೆಸ್ತೀವಿ ಅಂದರೆ ಏನು ಗತಿ ಅನ್ನೋದು ಅವನಿಗೆ ಹೊಳೆದಿತ್ತು. ಈಗಲೂ ಎಡಿನ್‌ಬರ್ಗ್‌ನ ಮಹಾಸಭೆಗೆ ರಾಜನ ಪ್ರತಿನಿಧಿ ಬಂದರೆ ಕೂರುವುದು ಮೇಲಿನ ಗ್ಯಾಲರಿಯಲ್ಲಿ. ಸಭೆಯ ಒಳಗಲ್ಲ.

ಹುಂಡಿ ಬೀಗ

ಇಲ್ಲಿ ನಮ್ಮೂರ ಕಥೆ ಹೇಳಲೇಬೇಕು. ಊರ ಹೆಸರು ಬೇಡ, ಆಸಾಮಿಯ ಹೆಸರಂತೂ ಬೇಡವೇ ಬೇಡ. ನಮ್ಮೂರ ಗುಡಿಯ ಹುಂಡಿ ಬೀಗದ ಕೈ ಇಪ್ಪತ್ತು ವರ್ಷ ಒಬ್ಬರ ಹತ್ತಿರವೇ ಇತ್ತು. ಕೆಟ್ಟವರಲ್ಲ ಅವರು. ಮದುವೆ ಮುಂಜಿಗೆ ಮುಂದೆ ನಿಲ್ಲುವವರು, ಸಾವಿಗೆ ಮೊದಲು ಬರುವವರು. ಜಾತ್ರೆ ಮುಗಿದ ಮಾರನೇ ದಿನ ಅರಳಿಕಟ್ಟೆ ಮೇಲೆ ಟವೆಲ್ ಹಾಸಿ ಹುಂಡಿ ಸುರಿಯುತ್ತಿದ್ದರು, ಅವರೇ ಎಣಿಸುತ್ತಿದ್ದರು, ಒಂದು ಮೊತ್ತ ಹೇಳುತ್ತಿದ್ದರು, ಎಲ್ಲರೂ ‘ಆಯ್ತು’ ಅನ್ನುತ್ತಿದ್ದರು. ನನಗೆ ಹತ್ತೋ ಹನ್ನೊಂದೋ ವರ್ಷ ಆಗಿದ್ದಾಗ ಅಪ್ಪ ಒಂದು ಸಲ, ‘ಇನ್ನೊಬ್ಬರು ಯಾರಾದ್ರೂ ಒಂದ್ಸಲ ಎಣಿಸಲಿ’ ಅಂದರು. ಅಷ್ಟೇ ಅಂದದ್ದು. ಕಟ್ಟೆ ಮೇಲೆ ಯಾರೂ ಉಸಿರಾಡಲಿಲ್ಲ. ಆ ಹಿರಿಯರು ಟವೆಲ್‌ನ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ, ಅಪ್ಪನ ಕಾಲ ಹತ್ತಿರ ಇಟ್ಟು, ‘ತಗಳಪ್ಪ, ನಾನು ಕಳ್ಳ’ ಅಂದರು. ಚಿಲ್ಲರೆ ನಾಣ್ಯ ಗಂಟಿನಿಂದ ಉದುರಿ ಕಟ್ಟೆ ಕೆಳಗೆ ಬಿದ್ದವು, ನಾವು ಹುಡುಗರು ಆರಿಸೋಕೆ ಹೋಗಿ ಬೈಸಿಕೊಂಡೆವು. ಎರಡು ವರ್ಷ ನಮ್ಮ ಮನೆಗೂ ಅವರ ಮನೆಗೂ ಮಾತಿರಲಿಲ್ಲ. ಅಪ್ಪ ಸಾಯೋ ತನಕ ‘ನಾನು ಕಳ್ಳ ಅಂದಿರಲಿಲ್ಲ ಕಣೋ, ಎಣಿಸಿ ಅಂದೆ’ ಅನ್ನುತ್ತಿದ್ದರು.

ಈ ಪಂಥದವರ ಒಂದು ಮಾತು ಓದುವಾಗ ನನಗೆ ಆ ಟವೆಲ್ ನೆನಪಾಯಿತು. ಮನುಷ್ಯ ಪೂರ್ತಿ ಕೆಟ್ಟಿದ್ದಾನೆ ಅನ್ನೋದು ಅವರ ಮೊದಲ ಪಾಠ. ಕೇಳೋಕೆ ಭಯಂಕರ. ಆದರೆ ಎಲ್ಲರೂ ರಾಕ್ಷಸರು ಅಂತ ಅದರ ಅರ್ಥ ಅಲ್ಲ. ಬುದ್ಧಿ, ಆಸೆ, ಪ್ರೀತಿ, ಭಕ್ತಿ, ಇದರಲ್ಲಿ ಒಂದೂ ಕೆಡದೆ ಉಳಿದಿಲ್ಲ, ಒಳ್ಳೆಯವನ ಒಳ್ಳೆಯತನದಲ್ಲೂ ಒಂದು ಹುಳ ಇದೆ ಅಂತ. ಇದನ್ನು ನಿಜವಾಗಿ ನಂಬಿದರೆ ಯಾರ ಕೈಗೂ ಒಂಟಿಯಾಗಿ ಬೀಗದ ಕೈ ಕೊಡೋಕಾಗಲ್ಲ, ಅಲ್ವಾ? ಬಿಷಪ್ಪನಿಗೂ ಇಲ್ಲ, ರಾಜನಿಗೂ ಇಲ್ಲ, ಪಾಸ್ಟರಿಗೂ ಇಲ್ಲ. ಅವರ ಬೋಳು ಗೋಡೆ, ಅವರ ಕಮಿಟಿ, ಗುರುತಿಲ್ಲದ ಗೋರಿ, ಇದೆಲ್ಲದರ ಕೆಳಗೆ ಒಂದೇ ಸಂಶಯ ಹರಿಯುತ್ತಿದೆ ಅಂತ ನನಗೆ ಕಾಣುತ್ತದೆ. ಇದು ನನ್ನ ಓದು. ಅವರು ಒಪ್ಪದೇ ಇರಬಹುದು. ಸಂಶಯ ಅನ್ನಬೇಡಿ, ದೇವರೊಬ್ಬನೇ ದೊಡ್ಡವನು ಅನ್ನೋ ಮಾತಿನ ಇನ್ನೊಂದು ಮುಖ ಅನ್ನಿ ಅಂತಾರೇನೋ. ಅಪ್ಪನಿಗೆ ಈ ಪಾಠ ಸಿಕ್ಕಿದ್ದರೆ ಕಟ್ಟೆ ಮೇಲೆ ಒಂದು ಮಾತು ಹೇಳಬಹುದಿತ್ತು: ನಿಮ್ಮನ್ನಲ್ಲ, ನನ್ನನ್ನೂ ನಂಬಬೇಡಿ, ಅದಕ್ಕೇ ಇಬ್ಬರು ಎಣಿಸೋಣ.

ಹಾಗಂತ ಹಿರಿಯರ ಆಡಳಿತ ಹಾಲು ಜೇನು ಅಂತಲ್ಲ. ಹಳೇ ಸ್ಕಾಟ್ಲೆಂಡಿನಲ್ಲಿ ಹಿರಿಯರು ಮನೆಮನೆಗೆ ಹೋಗಿ ನಡತೆ ವಿಚಾರಿಸಿ, ಪಾಠ ಒಪ್ಪಿಸಿಕೊಂಡು, ಸರಿ ಇದ್ದವರಿಗೆ ಒಂದು ಸೀಸದ ಬಿಲ್ಲೆ ಕೊಡುತ್ತಿದ್ದರು. ಅದನ್ನು ತೋರಿಸಿದವರಿಗಷ್ಟೇ ಪ್ರಭುಭೋಜನದ ಮೇಜಿನಲ್ಲಿ ಜಾಗ, ನಮ್ಮಲ್ಲಿ ಊಟದ ಕೂಪನ್ ಇದ್ದ ಹಾಗೆ. ತಪ್ಪು ಮಾಡಿದವರನ್ನು ಎಲ್ಲರ ಎದುರು ಒಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಊರ ಪಂಚಾಯ್ತಿಯಲ್ಲಿ ಕಂಬಕ್ಕೆ ಕಟ್ಟಿಸಿಕೊಂಡವರ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸದೇನಿಲ್ಲ. ಎಲ್ಲರನ್ನೂ ಸಂಶಯದಿಂದ ನೋಡುವವರು ತಮ್ಮನ್ನು ಮಾತ್ರ ಬಿಟ್ಟುಬಿಟ್ಟರೆ ಹೀಗೇ ಆಗೋದು. ಒಡೆಯೋದರಲ್ಲೂ ಇವರು ಕಡಿಮೆ ಇಲ್ಲ. ಪಾಸ್ಟರನ್ನು ನೇಮಿಸುವ ಹಕ್ಕು ಜಮೀನುದಾರನಿಗೋ ಜನಕ್ಕೋ ಅನ್ನೋ ಜಗಳದಲ್ಲಿ 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್‌ನಿಂದ ನಾನ್ನೂರಕ್ಕೂ ಹೆಚ್ಚು ಪಾಸ್ಟರುಗಳು ಸಂಬಳ, ಮನೆ ಬಿಟ್ಟು ಎದ್ದು ಹೋದರು. ಆ ಒಂದು ಜಗಳವನ್ನು ಮಾತ್ರ ನಾನು ಮೆಚ್ಚುತ್ತೇನೆ. ಇನ್ನು ಹೆಂಗಸರು ಹಿರಿಯರಾಗಬಹುದು ಅಂತ ಅದೇ ಚರ್ಚ್ ಒಪ್ಪಿದ್ದು 1966ರಲ್ಲಿ. ನಾಲ್ಕು ನೂರು ವರ್ಷ ಬೇಕಾಯಿತು.

ಅವರೆಕಾಯಿ ಸುಲಿಯುವಾಗ

ಡಿಸೆಂಬರ್ ಕೊನೆ. ಅಡುಗೆಮನೆ ನೆಲದ ಮೇಲೆ ಸೊಗಡವರೆಯ ರಾಶಿ. ಹುಡುಗಿ ರಾತ್ರಿ ಶಿಫ್ಟ್ ಮುಗಿಸಿ ಬಂದವಳು ಮೇಲೆ ಹೋಗದೆ ಅಮ್ಮನ ಪಕ್ಕ ಕೂತು ಸುಲಿಯತೊಡಗಿದಳು. ಅವಳಿಗೆ ಎಳೆಮಕ್ಕಳ ವಾರ್ಡಿನಲ್ಲಿ ಕೆಲಸ. ಆ ರಾತ್ರಿ ಒಂದು ಮಗು ಹೋಗಿತ್ತು. ನಾನು ಹಾಲ್‌ನಲ್ಲಿ ಪೇಪರ್ ಹಿಡಿದುಕೊಂಡು ಕೂತಿದ್ದೆ, ಓದುತ್ತಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಂಗೂ ಒಂದು ಹೋಯ್ತು’ ಅಂದಳು. ನನಗಿಂತ ಮುಂಚೆ ಹುಟ್ಟಿದವನು, ಎಂಟು ತಿಂಗಳು. ಜ್ವರ. ಹೊಲದ ಬದುವಿನ ಹೊಂಗೆ ಮರದ ಹತ್ತಿರ ಮಣ್ಣು ಮಾಡಿದ್ದು. ನನಗೆ ಈ ವಿಷಯ ಗೊತ್ತಿತ್ತು, ಆದರೆ ಅಮ್ಮನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ‘ಅವನ ಹಣೇಲಿ ಬರೆದಿದ್ದೇ ಅಷ್ಟು’ ಅಂದಳು ಅಮ್ಮ. ಹುಡುಗಿ, ‘ನಮ್ಮಲ್ಲೂ ದೇವರು ಮೊದಲೇ ಬರೀತಾನೆ ಆಂಟಿ’ ಅಂದಳು.

ಅಲ್ಲಿಂದ ಎಡವಟ್ಟು ಶುರುವಾಯಿತು. ಹೊರಗಿನವರಿಗೆ ಪ್ರೆಸ್‌ಬಿಟೇರಿಯನ್ನರ ಬಗ್ಗೆ ಒಂದೇ ಒಂದು ವಿಷಯ ಗೊತ್ತಿದ್ದರೆ ಅದು ಇದೇ. ಲೋಕ ಹುಟ್ಟುವ ಮೊದಲೇ ಯಾರನ್ನು ಉಳಿಸಬೇಕು ಅಂತ ದೇವರು ಆರಿಸಿಕೊಂಡಿದ್ದಾನೆ. ಅವರು ಒಳ್ಳೆಯವರು ಅಂತ ಆರಿಸಿದ್ದಲ್ಲ, ಅವನ ಇಷ್ಟ. ನಮ್ಮ ಹಣೆಬರಹದ ಹಿಂದೆ ಒಂದು ಖಾತೆ ಪುಸ್ತಕ ಇದೆ, ಹಿಂದಿನ ಜನ್ಮದ ಬಾಕಿ, ಈ ಜನ್ಮದ ಬಡ್ಡಿ. ಅವರದರ ಹಿಂದೆ ಖಾತೆಯೇ ಇಲ್ಲ. ಪುಣ್ಯ ಕೂಡಿಟ್ಟು ಏನನ್ನೂ ಕೊಳ್ಳೋಕಾಗಲ್ಲ. ಒಳ್ಳೆ ಕೆಲಸ ಮಾಡೋದು ಆಮೇಲೆ, ಉಪಕಾರ ಸ್ಮರಣೆಗೆ. ಕೇಳಿದ ಮೊದಲ ಗಳಿಗೆಗೆ ಇದು ಹಗುರ ಅನ್ನಿಸುತ್ತದೆ. ಎರಡನೇ ಗಳಿಗೆಗೆ, ಆರಿಸದೇ ಬಿಟ್ಟವರ ಕಥೆ ಏನು ಅನ್ನೋ ಪ್ರಶ್ನೆ ಬರುತ್ತದೆ. ಅಮ್ಮ ಎರಡನೇ ಗಳಿಗೆಗೆ ಅಲ್ಲಿಗೇ ಬಂದಳು. ಕೈಯಲ್ಲಿ ಒಂದು ಕಾಯಿ ಹಿಡಿದುಕೊಂಡು, ‘ಹಂಗಾದ್ರೆ ನಿಮ್ಮ ದೇವರು ಆ ಮಗೂನ ಆರಿಸಿದ್ನೋ ಇಲ್ವೋ?’ ಅಂದಳು. ಯಾವ ಮಗು ಅಂತ ಹೇಳಲಿಲ್ಲ.

ಹುಡುಗಿ ನನಗೆ ಗೊತ್ತಿಲ್ಲ ಅಂದಳು. ಅಪ್ಪನ ಕೇಳ್ತೀನಿ ಅಂದಳು. ಸಂಜೆ ಐಜ್ವಾಲ್‌ಗೆ ಫೋನ್ ಮಾಡಿದರೆ ಆ ಉಪಾ, ತಾನೊಬ್ಬನೇ ಹೇಳೋದು ಸರಿಯಲ್ಲ, ಪಾಸ್ಟರನ್ನೂ ಉಳಿದ ಹಿರಿಯರನ್ನೂ ಕೇಳಿ ಹೇಳ್ತೀನಿ ಅಂದರಂತೆ. ನನಗೆ ನಗು ಬಂತು. ಎರಡು ದಿನ ಬಿಟ್ಟು ಉತ್ತರ ಬಂತು. ಎಳೆಮಕ್ಕಳ ವಿಷಯದಲ್ಲಿ ಸಂಶಯ ಬೇಡ, ಅವರು ದೇವರ ಹತ್ತಿರ ಇದ್ದಾರೆ. ಅಮ್ಮ ಕೇಳಿಸಿಕೊಂಡು, ‘ಇಷ್ಟು ಹೇಳೋಕೆ ಎರಡು ದಿನ ಬೇಕಾಯ್ತಾ?’ ಅಂದಳು. ಆದರೆ ಅವತ್ತು ರಾತ್ರಿ ಅಮ್ಮ ನನ್ನ ಹತ್ತಿರ ಆ ಮಗುವಿನ ಬಗ್ಗೆ ಇನ್ನೊಂದಷ್ಟು ಮಾತಾಡಿದಳು, ಅದು ಇಲ್ಲಿ ಬೇಡ.

ಎರಡು ದಿನವೇ ಕಡಿಮೆ ಅಂತ ನನಗೆ ಆಮೇಲೆ ಗೊತ್ತಾಯಿತು. 1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನೂರಕ್ಕೂ ಹೆಚ್ಚು ಪಂಡಿತರು ವರ್ಷಗಟ್ಟಲೆ ಕೂತು ಇವರ ನಂಬಿಕೆಯ ಪತ್ರ ಬರೆದರು. ಅದರಲ್ಲಿ, ಆರಿಸಲ್ಪಟ್ಟ ಶಿಶುಗಳು ಸತ್ತರೆ ಉಳಿಯುತ್ತವೆ ಅಂತ ಒಂದು ಸಾಲಿದೆ. ಆರಿಸಲ್ಪಡದ ಶಿಶು ಅಂತ ಒಂದು ಇರಬಹುದಾ, ಇಲ್ವಾ? ಸಾಲು ಬಾಯಿ ಬಿಡೋದಿಲ್ಲ. ಅಮ್ಮ ಕೇಳಿದ್ದು ಅದನ್ನೇ. ಎಷ್ಟು ತಾಯಂದಿರು ಕೇಳಿರಬೇಕು. ಅಮೆರಿಕದ ಪ್ರೆಸ್‌ಬಿಟೇರಿಯನ್ನರು ಇದಕ್ಕೆ ಉತ್ತರ ಬರೆದದ್ದು 1903ರಲ್ಲಿ. ಹಸುಗೂಸಾಗಿ ಸಾಯುವ ಎಲ್ಲ ಮಕ್ಕಳೂ ದೇವರ ಆಯ್ಕೆಯಲ್ಲಿ ಸೇರಿದ್ದಾರೆ ಅಂತ, ಸಭೆ ಸೇರಿ, ಚರ್ಚೆ ಮಾಡಿ, ಮತ ಹಾಕಿ, ಸ್ಪಷ್ಟವಾಗಿ ಸೇರಿಸಿದರು. ಒಂದು ಸಾಲು ಸರಿ ಮಾಡೋಕೆ ಇನ್ನೂರೈವತ್ತು ವರ್ಷ. ಒಬ್ಬ ಗುರು ಇದ್ದಿದ್ದರೆ ಒಂದು ಬೆಳಿಗ್ಗೆ ಸರಿ ಮಾಡಿಬಿಡುತ್ತಿದ್ದ. ಇನ್ನೊಂದು ಬೆಳಿಗ್ಗೆ ಮತ್ತೆ ಕೆಡಿಸಿಯೂ ಬಿಡುತ್ತಿದ್ದ.

ಅದೇ ಪಂಡಿತರು ಮಕ್ಕಳಿಗೆ ಅಂತ 107 ಪ್ರಶ್ನೋತ್ತರಗಳನ್ನೂ ಬರೆದರು. ಮೊದಲನೇ ಪ್ರಶ್ನೆ, ಮನುಷ್ಯ ಇರೋದು ಯಾತಕ್ಕೆ? ಉತ್ತರ, ದೇವರ ಮಹಿಮೆ ಸಾರೋಕೆ ಮತ್ತು ಅವನಲ್ಲಿ ಎಂದೆಂದಿಗೂ ಸುಖಪಡೋಕೆ. ಸ್ಟೂಲು, ಬಿಲ್ಲೆ, ಬೋಳು ಗೋಡೆ ಇಷ್ಟನ್ನೂ ಓದಿ ಬಂದವನಿಗೆ ಆ ‘ಸುಖಪಡೋಕೆ’ ಎಲ್ಲಿಂದ ಬಂತು ಅಂತ ಇನ್ನೂ ಪೂರ್ತಿ ಹೊಳೆದಿಲ್ಲ. ಭಾನುವಾರ ಸಂಜೆ ಮೇಲಿನ ಮನೆಯ ಹಾಡು ನೆನಸಿಕೊಂಡರೆ ಸ್ವಲ್ಪ ಹೊಳೆಯುತ್ತದೆ.

ಡಬ್ಬಿ

ಅಕ್ಕಿ ಡಬ್ಬಿ ಏನು ಅಂತ ಕೊನೆಗೆ ಅಮ್ಮನೇ ಕೇಳಿದ್ದು. ಮಿಜೋರಾಂನಲ್ಲಿ ಪ್ರತಿ ಹೊತ್ತು ಅಡುಗೆಗೆ ಅಕ್ಕಿ ಅಳೆದಾಗ ಅದರಿಂದ ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ. ‘ಬುಹ್‌ಫಾಯ್ ಥಾಮ್’ ಅಂತ ಹೆಸರು. ಹಿಡಿ ಅಕ್ಕಿ, ಅಷ್ಟೇ ಅರ್ಥ. ವಾರಕ್ಕೊಮ್ಮೆ ಚರ್ಚ್‌ನ ಹೆಂಗಸರು ಮನೆಮನೆಗೆ ಬಂದು ತಗೊಂಡು ಹೋಗುತ್ತಾರೆ, ಅದನ್ನು ಮಾರುತ್ತಾರೆ, ಬಂದ ದುಡ್ಡು ಚರ್ಚ್ ಕೆಲಸಕ್ಕೆ. ವೇಲ್ಸ್‌ನಿಂದ ಬಂದ ಮಿಷನರಿಗಳ ಕಾಲದಲ್ಲಿ, ನೂರು ವರ್ಷಕ್ಕೂ ಹಿಂದೆ, ಕೈಯಲ್ಲಿ ಕಾಸಿಲ್ಲದ ಹೆಂಗಸರು ಶುರುಮಾಡಿದ್ದು. ಈಗ ಅದರ ಲೆಕ್ಕ ಕೋಟಿಗಳಲ್ಲಿ. ಇದ್ದ ಅಕ್ಕಿಯಲ್ಲೇ ತೆಗೆಯಬೇಕು, ಹಿಡಿ ಜಾಸ್ತಿ ಅಳೆಯೋ ಹಾಗಿಲ್ಲ. ಅಂದರೆ ಮನೆಯವರ ಊಟದಲ್ಲಿ ಒಂದು ಹಿಡಿ ಕಮ್ಮಿ. ‘ನಾನೊಬ್ಬಳೇ ಅಲ್ವಾ ಆಂಟಿ, ನನ್ನ ಹಿಡಿ ಚಿಕ್ಕದು’ ಅಂದಳು ಹುಡುಗಿ.

ಅಮ್ಮ ಒಂದೇ ಪ್ರಶ್ನೆ ಕೇಳಿದಳು. ‘ಎತ್ತಿಡೋರು ಹೆಂಗಸರು. ಲೆಕ್ಕ ಬರೆಯೋರು?’

ಹುಡುಗಿ ನಕ್ಕಳು. ಅವಳ ಊರ ಚರ್ಚ್‌ನಲ್ಲಿ ಹೆಂಗಸೊಬ್ಬಳು ಉಪಾ ಆಗಿದ್ದನ್ನು ಅವಳು ನೋಡಿಲ್ಲವಂತೆ. ‘ನೋಡಿದ್ಯಾ’ ಅನ್ನೋ ಹಾಗೆ ಅಮ್ಮ ನನ್ನ ಕಡೆ ತಿರುಗಿದಳು. ನಾನು ಇಡೀ ವರ್ಷ ಓದಿ ಹೇಳಬೇಕಾಗಿದ್ದ ತಕರಾರನ್ನು ಅಮ್ಮ ಒಂದು ಉಸಿರಲ್ಲಿ ಹೇಳಿ ಮುಗಿಸಿದ್ದಳು.

ಹೋದ ಜೂನ್‌ನಲ್ಲಿ ಹುಡುಗಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಅವಸರದಲ್ಲಿ ಹೊರಟಳು. ಮನೆ ಗುಡಿಸೋಕೆ ಹೋದ ಅಮ್ಮ ಡಬ್ಬಿ ಹಿಡಿದುಕೊಂಡು ಕೆಳಗೆ ಬಂದಳು. ಒಳಗೆ ಒಂದು ಸೇರಿಗೆ ಸ್ವಲ್ಪ ಕಮ್ಮಿ ಅಕ್ಕಿ. ಫೋನ್ ಮಾಡಿದರೆ, ಅಯ್ಯೋ ಮರೆತೆ, ನೀವೇ ಅಡುಗೆ ಮಾಡಿಬಿಡಿ ಅಂದಳು. ಅಮ್ಮ ಒಪ್ಪಲಿಲ್ಲ. ಎತ್ತಿಟ್ಟ ಅಕ್ಕಿ ಬೇಯಿಸೋದುಂಟಾ? ಗುಡಿಗೆ ಕೊಡೋಣ ಅಂದೆ. ಅವರ ದೇವರ ಅಕ್ಕಿ ನಮ್ಮ ದೇವರಿಗೆ ಹೆಂಗೆ ಕೊಡ್ತೀಯ ಅಂದಳು. ಕೊನೆಗೆ ಭಾನುವಾರ ಮಧ್ಯಾಹ್ನ ಡಬ್ಬಿಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಟೆ. ಮೈಸೂರಿನಲ್ಲಿರುವ ಮಿಜೋ ಹುಡುಗ ಹುಡುಗಿಯರು ಒಂದು ಚರ್ಚ್‌ನ ಹಿಂದಿನ ಹಾಲ್ ಕೇಳಿಕೊಂಡು ಅಲ್ಲಿ ಸೇರುತ್ತಾರೆ ಅಂತ ಅವಳು ಹೇಳಿದ್ದಳು.

ಪ್ರಾರ್ಥನೆ ಮುಗಿದಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು, ಮೂಲೆಯಲ್ಲಿ ಒಂದು ಡೋಲು, ಗೋಡೆಯಲ್ಲಿ ಹಾಲ್‌ನವರದೇ ಒಂದು ಕ್ಯಾಲೆಂಡರ್. ವಿಷಯ ಹೇಳಿದೆ. ನಲವತ್ತರ ಆಸುಪಾಸಿನ ಒಬ್ಬರು ಡಬ್ಬಿ ತಗೊಂಡು, ಮೇಜಿನ ಕೆಳಗಿಂದ ಒಂದು ತೂಕದ ಯಂತ್ರ ತೆಗೆದು, ಅಕ್ಕಿಯನ್ನು ಒಂದು ಕವರಿಗೆ ಸುರಿದು ತೂಗಿದರು. 860 ಗ್ರಾಂ. ಉದ್ದನೆಯ ರಿಜಿಸ್ಟರ್ ತೆರೆದು ತಾರೀಖು ಬರೆದರು, ತೂಕ ಬರೆದರು, ಕೊಟ್ಟವರು ಯಾರು ಅಂತ ಕೇಳಿದರು. ನಾನು ಹುಡುಗಿಯ ಹೆಸರು ಹೇಳಿದೆ. ಅದನ್ನೂ ಬರೆದು ಕೆಳಗೆ ಸಹಿ ಮಾಡಿದರು. ನಾನು ಖಾಲಿ ಡಬ್ಬಿ ತಗೊಂಡು ಹೊರಡೋಕೆ ಎದ್ದೆ. ‘ಒಂದು ನಿಮಿಷ’ ಅಂದರು ಅವರು ಹಿಂದಿಯಲ್ಲಿ. ಕುರ್ಚಿ ಪೇರಿಸುತ್ತಿದ್ದ ಒಬ್ಬ ಹುಡುಗಿಯನ್ನು ಕರೆದರು. ಅವಳು ಬಂದು ಕವರನ್ನು ಮತ್ತೆ ಯಂತ್ರದ ಮೇಲಿಟ್ಟಳು, ಬಗ್ಗಿ ನೋಡಿದಳು, ರಿಜಿಸ್ಟರಿನಲ್ಲಿ ಬರೆದಿದ್ದನ್ನು ನೋಡಿದಳು, ಅವರ ಸಹಿಯ ಪಕ್ಕ ತನ್ನ ಸಹಿ ಹಾಕಿದಳು.